ರಟ್ಟಿಗಿಂತ ಬೆನ್ನು ಮುಖ್ಯ: ಪುಸ್ತಕದ ರೂಪವನ್ನು ಆರಿಸುವ ಬಗೆ

ಗಟ್ಟಿ ರಟ್ಟಿನ ಪುಸ್ತಕ, ಪೇಪರ್‌ಬ್ಯಾಕ್, ಇ-ಪುಸ್ತಕ ಎಂಬ ಮೂರು ಹೆಸರುಗಳು ಹೊರಗೆ ಕಾಣುವುದನ್ನಷ್ಟೇ ಹೇಳುತ್ತವೆ. ಪುಸ್ತಕ ಎಷ್ಟು ವರ್ಷ ಬಾಳುತ್ತದೆ, ಎಷ್ಟು ಸಲ ತೆರೆದರೂ ಹಾಳೆ ಕಳಚದೆ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಒಳಗಿನ ಕಟ್ಟು. ಮುದ್ರಿತ ಪುಸ್ತಕದಲ್ಲಿ ಬೆನ್ನಿನ ಹೊಲಿಗೆ ಅಥವಾ ಅಂಟು ಮತ್ತು ಕಾಗದವೇ ಆ ಕಟ್ಟು. ಇ-ಪುಸ್ತಕದಲ್ಲಾದರೆ ಅಕ್ಷರಗಳನ್ನು ಕಡತದೊಳಗೆ ಹೇಗೆ ಕೂಡಿಸಿಟ್ಟಿದ್ದಾರೆ ಎಂಬುದು. ಬೆಲೆ ನೋಡಿ, ಮುಖಪುಟ ನೋಡಿ ಕೊಳ್ಳುವವರು ಈ ಒಳಗಿನ ಸಂಗತಿಯನ್ನು ಒಂದು ನಿಮಿಷ ಪರೀಕ್ಷಿಸಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಮುದ್ರಿತ ಪುಸ್ತಕದ ಮೂಲ ಘಟಕ ಫಾರಂ. ಡೆಮಿ ಹಾಳೆಯೊಂದರ ಎರಡೂ ಬದಿಗೆ ಎಂಟೆಂಟು ಪುಟ ಮುದ್ರಿಸಿ, ಮೂರು ಸಲ ಮಡಿಸಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ಕನ್ನಡದ ಬಹುತೇಕ ಕಾದಂಬರಿ, ಕಥಾಸಂಕಲನಗಳ 1/8 ಡೆಮಿ ಅಳತೆ ಬಂದದ್ದು ಹೀಗೆ. 320 ಪುಟದ ಪುಸ್ತಕವೆಂದರೆ 20 ಫಾರಂ. ಸಾಂಪ್ರದಾಯಿಕ ಬೈಂಡಿಂಗ್‌ನಲ್ಲಿ ಪ್ರತಿ ಫಾರಮ್ಮಿನ ಮಡಿಕೆಯ ನಡುವೆ ದಾರ ಹಾಯಿಸಿ ಹೊಲಿಯುತ್ತಾರೆ, ಒಂದು ಫಾರಮ್ಮನ್ನು ಇನ್ನೊಂದಕ್ಕೆ ದಾರದಿಂದಲೇ ಜೋಡಿಸುತ್ತಾರೆ. ಆಮೇಲೆ ಬೆನ್ನಿಗೆ ಅಂಟು ಬಳಿದು, ತೆಳು ಬಟ್ಟೆ ಮೆತ್ತಿ, ರಟ್ಟಿನ ಹೊದಿಕೆಗೆ ಕೂರಿಸುತ್ತಾರೆ. ರಟ್ಟಿನ ಮೇಲೆ ಕ್ಯಾಲಿಕೊ ಬಟ್ಟೆ ಅಥವಾ ಮುದ್ರಿತ ಕಾಗದ ಬರುತ್ತದೆ. ಕೆಲವಕ್ಕೆ ಅದರ ಮೇಲೊಂದು ಬಿಡಿ ರಕ್ಷಾಕವಚ. ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ಅದು ತಾನೇ ತೆರೆದುಕೊಂಡಿರುವುದು, ಕೈಯಿಂದ ಒತ್ತಿ ಹಿಡಿಯುವ ಕಷ್ಟವಿಲ್ಲದಿರುವುದು ಹೊಲಿಗೆಯ ಫಲ. ಅದರಲ್ಲಿ ರಟ್ಟಿನ ಪಾಲಿಲ್ಲ. ರಟ್ಟಿನ ಕೆಲಸ ಮೂಲೆ ಮಡಚದಂತೆ ಕಾಯುವುದು, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸುವುದು.

ಈ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಳ್ಳುವವರು ಬಹಳ ಜನ. ಇಂದು ಗಟ್ಟಿ ರಟ್ಟು ಹೊತ್ತ ಎಷ್ಟೋ ಪುಸ್ತಕಗಳ ಒಳಗೆ ಹೊಲಿಗೆಯೇ ಇರುವುದಿಲ್ಲ. ಪೇಪರ್‌ಬ್ಯಾಕಿನಂತೆ ಬರೀ ಅಂಟಿನಲ್ಲಿ ನಿಂತ ಹಾಳೆಗಳಿಗೆ ಮೇಲೆ ರಟ್ಟು ಕಟ್ಟಿರುತ್ತಾರೆ. ಬೆಲೆ ಗಟ್ಟಿ ರಟ್ಟಿನದು, ಆಯುಸ್ಸು ಅಂಟಿನದು. ಗುರುತಿಸುವುದು ಸುಲಭ. ಪುಸ್ತಕದ ಬೆನ್ನನ್ನು ಮೇಲಿನ ತುದಿಯಿಂದ ನೋಡಬೇಕು. ಮಡಿಸಿದ ಕಟ್ಟುಗಳು ಸಾಲಾಗಿ, ಬಿಲ್ಲಿನಂಥ ಸಣ್ಣ ಬಾಗುಗಳಾಗಿ ಕಂಡರೆ ಫಾರಮ್ಮುಗಳು ಇಡಿಯಾಗಿವೆ ಎಂದರ್ಥ. ಮಡಿಕೆಯೇ ಇಲ್ಲದೆ ಹಾಳೆಗಳೆಲ್ಲ ಒಂದೇ ಸಮನೆ ಕತ್ತರಿಸಿದಂತಿದ್ದರೆ ಅದು ಅಂಟಿನ ಪುಸ್ತಕ. ಇನ್ನೂ ಸಂದೇಹವಿದ್ದರೆ ಮೊದಲ ಫಾರಮ್ಮಿನ ನಡುವೆ, ಅಂದರೆ ಎಂಟನೆಯ ಮತ್ತು ಒಂಬತ್ತನೆಯ ಪುಟಗಳ ನಡುವೆ ತೆರೆದರೆ ಸಾಕು. ಹೊಲಿದ ಪುಸ್ತಕದಲ್ಲಿ ಅಲ್ಲಿ ದಾರ ಕಾಣುತ್ತದೆ. ಆರಂಭದ ಪುಟಗಳನ್ನು ಕೆಲವರು ಲೆಕ್ಕಕ್ಕೆ ಸೇರಿಸದೆ ಸಂಖ್ಯೆ ಹಾಕುವುದರಿಂದ ಒಂದೆರಡು ಹಾಳೆ ಆಚೀಚೆ ಹುಡುಕಬೇಕಾಗಬಹುದು.

ಕನ್ನಡ ಪುಸ್ತಕಗಳ ಮುದ್ರಣ ವಿವರದ ಪುಟದಲ್ಲಿ ಬಳಸಿದ ಕಾಗದ ಯಾವುದು, ಅಳತೆ ಯಾವುದು, ಎಷ್ಟು ಪ್ರತಿ ಎಂದೆಲ್ಲ ಅಚ್ಚಾಗಿರುತ್ತದೆ. ಎಷ್ಟೋ ಭಾಷೆಗಳ ಓದುಗರಿಗೆ ಸಿಗದ ಒಳ್ಳೆಯ ಮಾಹಿತಿ ಇದು. ಅದರ ಜೊತೆಗೆ ಹೊಲಿದದ್ದೋ ಅಂಟಿಸಿದ್ದೋ ಎಂಬ ಒಂದು ಮಾತನ್ನೂ ಸೇರಿಸುವುದು ಪ್ರಕಾಶಕರಿಗೆ ಕಷ್ಟವಲ್ಲ. ಸಾವಿರ ರೂಪಾಯಿ ಕೊಟ್ಟು ಸಮಗ್ರ ಸಂಪುಟ ಕೊಳ್ಳುವವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಪೇಪರ್‌ಬ್ಯಾಕಿನ ಹುಟ್ಟಿಗೆ ಕಾರಣ ಬೆಲೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಟೌಖ್‌ನಿಟ್ಸ್ ಸಂಸ್ಥೆ 1841ರಿಂದಲೇ ಕಾಗದದ ಹೊದಿಕೆಯ ಇಂಗ್ಲಿಷ್ ಪುಸ್ತಕಗಳನ್ನು ಪ್ರಯಾಣಿಕರಿಗಾಗಿ ತಂದಿತ್ತು. ಆದರೆ ಈ ರೂಪಕ್ಕೆ ಮರ್ಯಾದೆ ತಂದುಕೊಟ್ಟದ್ದು 1935ರ ಜುಲೈ 30ರಂದು ಲಂಡನ್ನಿನಲ್ಲಿ ಹೊರಬಂದ ಪೆಂಗ್ವಿನ್ ಮಾಲೆಯ ಮೊದಲ ಹತ್ತು ಪುಸ್ತಕಗಳು. ಆಗ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿಯ ಬೆಲೆ ಸಾಮಾನ್ಯವಾಗಿ ಏಳೂವರೆ ಷಿಲ್ಲಿಂಗ್. ಪೆಂಗ್ವಿನ್ ಸ್ಥಾಪಕ ಆಲನ್ ಲೇನ್ ತನ್ನ ಪುಸ್ತಕಗಳಿಗೆ ಇಟ್ಟ ಬೆಲೆ ಆರು ಪೆನ್ಸ್, ಅಂದರೆ ಅದರ ಹದಿನೈದರಲ್ಲಿ ಒಂದು ಪಾಲು. ವುಲ್‌ವರ್ತ್ ಅಂಗಡಿಗಳು ಒಮ್ಮೆಗೇ 63,500 ಪ್ರತಿಗಳಿಗೆ ಬೇಡಿಕೆ ಇಟ್ಟದ್ದರಿಂದ ಈ ಸಾಹಸ ಉಳಿದುಕೊಂಡಿತು. ಅಲ್ಲಿಂದ ಇಂಗ್ಲಿಷ್ ಪ್ರಕಾಶನದಲ್ಲಿ ಒಂದು ಪದ್ಧತಿ ಬೆಳೆಯಿತು: ಮೊದಲು ಗಟ್ಟಿ ರಟ್ಟಿನಲ್ಲಿ, ಸುಮಾರು ಒಂದು ವರ್ಷದ ಬಳಿಕ ಅಗ್ಗದ ಪೇಪರ್‌ಬ್ಯಾಕಿನಲ್ಲಿ. ಕಾಯಬಲ್ಲವರು ಕಡಿಮೆ ಹಣ ಕೊಡುತ್ತಾರೆ.

ಕನ್ನಡದಲ್ಲಿ ಅಗ್ಗದ ಪುಸ್ತಕ ಬಂದ ದಾರಿ ಬೇರೆ. ಇಲ್ಲಿ ಅಂಗಡಿಗಿಂತ ಮೊದಲು ಗ್ರಂಥಮಾಲೆಗಳು ಓದುಗರನ್ನು ಮುಟ್ಟಿದವು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯಂಥವು ಚಂದಾದಾರರನ್ನು ಕೂಡಿಸಿಕೊಂಡು, ವರ್ಷಕ್ಕಿಷ್ಟು ಪುಸ್ತಕ ಎಂದು ಅವರಿಗೆ ತಲುಪಿಸುತ್ತಿದ್ದವು. ಇಂದಿಗೂ ಕನ್ನಡದ ಬಹುಪಾಲು ಪುಸ್ತಕಗಳು ಒಂದೇ ರೂಪದಲ್ಲಿ ಬರುತ್ತವೆ, ಅದು ಪೇಪರ್‌ಬ್ಯಾಕ್. ಸಣ್ಣ ಮುದ್ರಣಗಳಲ್ಲಿ ಎರಡು ಬಗೆಯ ಬೈಂಡಿಂಗ್ ಮಾಡಿಸುವುದು ಪ್ರಕಾಶಕರಿಗೆ ಗಿಟ್ಟುವುದಿಲ್ಲ. ಗಟ್ಟಿ ರಟ್ಟು ಸಮಗ್ರ ಸಂಪುಟಗಳಿಗೆ, ನಿಘಂಟುಗಳಿಗೆ, ದಪ್ಪ ಕಾದಂಬರಿಗಳಿಗೆ, ಅಭಿನಂದನ ಗ್ರಂಥಗಳಿಗೆ ಮೀಸಲು. ಹೀಗಾಗಿ ಕನ್ನಡ ಓದುಗರಿಗೆ ಒಂದೇ ಪುಸ್ತಕದ ಎರಡು ಮುದ್ರಿತ ರೂಪಗಳ ನಡುವೆ ಆರಿಸುವ ಅವಕಾಶ ಬರುವುದು ವಿರಳ. ಒಳ್ಳೆಯ ಪೇಪರ್‌ಬ್ಯಾಕ್ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವುದೇ ಅವರಿಗೆ ಹೆಚ್ಚು ಉಪಯೋಗದ ವಿದ್ಯೆ.

ಅಂಟಿನ ಬೈಂಡಿಂಗ್‌ಗೆ ಮುದ್ರಣಾಲಯದವರು ಪರ್ಫೆಕ್ಟ್ ಬೈಂಡಿಂಗ್ ಎನ್ನುತ್ತಾರೆ. ಫಾರಮ್ಮುಗಳನ್ನು ಒಟ್ಟಿಗೆ ಹಿಡಿದು ಬೆನ್ನಿನ ಮಡಿಕೆಗಳನ್ನು ಯಂತ್ರದಲ್ಲಿ ಹೆರೆದುಹಾಕುತ್ತಾರೆ. ಆಗ ಪ್ರತಿ ಹಾಳೆಯೂ ಬಿಡಿಯಾಗುತ್ತದೆ. ಒರಟಾದ ಆ ಅಂಚಿಗೆ ಕಾಯಿಸಿದ ಅಂಟು ಬಳಿದು ಹೊದಿಕೆ ಅಂಟಿಸುತ್ತಾರೆ. ಸಾಮಾನ್ಯ ಅಂಟು ಇವಿಎ ಎಂಬ ಪ್ಲಾಸ್ಟಿಕ್ ಜಾತಿಯದು. ಕಾಯಿಸಿದಾಗ ಕರಗುವ ಇದು ಹಳತಾದಂತೆ ಬಿರುಸಾಗಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಕಾರಿನ ಗಾಜಿನ ಹಿಂದೆ ಬಿಟ್ಟ ಪುಸ್ತಕದಲ್ಲಿ ಮೆತ್ತಗಾಗಿ ಹಾಳೆಯ ಹಿಡಿತ ಬಿಡುತ್ತದೆ. ಪಿಯುಆರ್ ಎಂಬ ಇನ್ನೊಂದು ಅಂಟು ತುಸು ದುಬಾರಿ, ಆದರೆ ಒಣಗಿದ ಮೇಲೆ ಮತ್ತೆ ಕರಗುವುದಿಲ್ಲ, ತೆಳುವಾಗಿ ಬಳಿದರೂ ಬಿಗಿಯಾಗಿ ಹಿಡಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಫಾರಮ್ಮುಗಳನ್ನು ಹೊಲಿದು ಕಾಗದದ ಹೊದಿಕೆ ಹಾಕಿದ ಪೇಪರ್‌ಬ್ಯಾಕ್. ಇಂಥದು ಸಿಕ್ಕರೆ ಗಟ್ಟಿ ರಟ್ಟಿನ ಅಂಟು ಪುಸ್ತಕಕ್ಕಿಂತ ಇದನ್ನೇ ಕೊಳ್ಳಬೇಕು. ಐದಾರು ಫಾರಂ ಒಳಗಿನ ಕವನ ಸಂಕಲನಗಳಿಗೆ ನಡುಮಡಿಕೆಗೆ ಪಿನ್ ಹೊಡೆಯುವ ಸೆಂಟರ್ ಪಿನ್ ಸಾಕಾಗುತ್ತದೆ. ಬದಿಯಿಂದ ಪಿನ್ ಹೊಡೆದ ಹಳೆಯ ಪುಸ್ತಕಗಳು ಮಾತ್ರ ಪೂರ್ತಿ ತೆರೆಯುವುದಿಲ್ಲ, ಪಿನ್ನು ತುಕ್ಕು ಹಿಡಿದು ಕಾಗದವನ್ನೂ ತಿನ್ನುತ್ತದೆ.

ತೂಕದ ಲೆಕ್ಕವನ್ನು ಕಾಗದದಿಂದಲೇ ತೆಗೆಯಬಹುದು. ಮುದ್ರಣ ವಿವರದಲ್ಲಿ 70 ಜಿಎಸ್‌ಎಂ ಎಂದಿದ್ದರೆ ಆ ಕಾಗದ ಒಂದು ಚದರ ಮೀಟರಿಗೆ 70 ಗ್ರಾಂ ತೂಗುತ್ತದೆ. 320 ಪುಟದ ಡೆಮಿ ಪುಸ್ತಕದ ಒಳಹಾಳೆಗಳ ಒಟ್ಟು ವಿಸ್ತಾರ ಐದು ಚದರ ಮೀಟರಿಗೆ ತುಸು ಕಡಿಮೆ. ಹಾಗಾಗಿ ತೂಕ ಸುಮಾರು 340 ಗ್ರಾಂ. ಗಟ್ಟಿ ರಟ್ಟು ಇದಕ್ಕೆ ಇನ್ನೊಂದು ನೂರು ಗ್ರಾಂನಷ್ಟು ಸೇರಿಸುತ್ತದೆ. ಮಲಗಿ ಓದುವವರಿಗೆ, ಕೈಗಂಟು ನೋವಿರುವ ಹಿರಿಯರಿಗೆ, ಬಸ್ಸಿನಲ್ಲಿ ನಿಂತು ಓದುವವರಿಗೆ ಈ ನೂರು ಗ್ರಾಂ ಲೆಕ್ಕಕ್ಕೆ ಬರುತ್ತದೆ. ವಿದೇಶದಲ್ಲಿರುವ ಕನ್ನಡಿಗರಿಗೆ ವಿಮಾನದ ಸಾಮಾನಿನ ತೂಕದಲ್ಲಿ ಒಂದೊಂದು ಪುಸ್ತಕವನ್ನೂ ಅಳೆದು ಇಡಬೇಕಾಗುವುದರಿಂದ ಅವರ ಆಯ್ಕೆಯನ್ನು ಹಲವು ಸಲ ತಕ್ಕಡಿಯೇ ಮಾಡುತ್ತದೆ.

ಬೈಂಡಿಂಗ್ ಎಷ್ಟೇ ಒಳ್ಳೆಯದಿರಲಿ, ಕಾಗದ ಪುಡಿಯಾದರೆ ಪ್ರಯೋಜನವಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಚಿಂದಿಬಟ್ಟೆಯ ಬದಲು ಮರದ ತಿರುಳಿನಿಂದ ಕಾಗದ ಮಾಡತೊಡಗಿದರು. ಶಾಯಿ ಹರಡದಿರಲೆಂದು ಅದಕ್ಕೆ ಸೇರಿಸುತ್ತಿದ್ದ ಪಟಿಕ ಮತ್ತು ರಾಳ ಕಾಗದದಲ್ಲಿ ಆಮ್ಲವನ್ನು ಹುಟ್ಟಿಸಿ ನಾರುಗಳನ್ನು ತುಂಡರಿಸುತ್ತವೆ. ಮರದಲ್ಲಿರುವ ಲಿಗ್ನಿನ್ ಬೆಳಕು, ಗಾಳಿ ತಾಗಿ ಹಳದಿಯಾಗುತ್ತದೆ. ಹಳೆಯ ಕಾದಂಬರಿಗಳ ಹಾಳೆ ಮೂಲೆ ಮಡಚಿದೊಡನೆ ಮುರಿದು ಕೈಗೆ ಬರುವುದು ಇದರಿಂದ. ಆಮ್ಲರಹಿತ, ದೀರ್ಘಕಾಲ ಬಾಳುವ ಕಾಗದಕ್ಕೆ 1994ರಿಂದ ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಾಗುವ ಎನ್.ಎಸ್. ಮ್ಯಾಪ್ಲಿಥೊ ಕಾಗದ ತುಸು ಕೆನೆಬಣ್ಣದ್ದು, ಕಣ್ಣಿಗೆ ಹಿತ, ನ್ಯೂಸ್‌ಪ್ರಿಂಟಿಗಿಂತ ಎಷ್ಟೋ ಪಾಲು ಗಟ್ಟಿ. ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದ ಅಗ್ಗದ ಪುಸ್ತಕವನ್ನು ಒಂದು ಓದಿಗೆಂದು ಕೊಳ್ಳಬಹುದು, ಮಕ್ಕಳಿಗೆ ಉಳಿಸಲೆಂದು ಕೊಳ್ಳಲಾಗದು.

ಇನ್ನು ಹವೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕದ ಮೊದಲ ಶತ್ರು ತೇವ. ಗಟ್ಟಿ ರಟ್ಟು ಅಲ್ಲಿ ಎಲ್ಲ ರೀತಿಯಲ್ಲೂ ಮೇಲು ಎನ್ನುವಂತಿಲ್ಲ. ರಟ್ಟು ತೇವ ಹೀರಿ ಬಾಗುತ್ತದೆ, ಬಟ್ಟೆಯ ಮೇಲೆ ಬೂಷ್ಟು ಬೇಗ ಕೂರುತ್ತದೆ, ರಟ್ಟಿಗೆ ಬಳಿದ ಮೈದಾ ಸರಿ ಸಿಲ್ವರ್‌ಫಿಶ್ ಎಂಬ ಬೆಳ್ಳಿಬಣ್ಣದ ಹುಳುವಿಗೆ ಆಹಾರ. ಅದಕ್ಕೆಂದೇ ಬೈಂಡಿಂಗ್ ಕೆಲಸದವರು ಸರಿಯಲ್ಲಿ ಮೈಲುತುತ್ತ ಬೆರೆಸುವ ರೂಢಿಯಿದೆ. ಬಯಲುಸೀಮೆಯ ಒಣ ಹವೆಯಲ್ಲಿ ಕಾಗದ ಸುರಕ್ಷಿತ, ಆದರೆ ಸೆಕೆ ಅಂಟನ್ನು ಒಣಗಿಸುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳಷ್ಟು ಮುಂದಿಟ್ಟು ಗಾಳಿಯಾಡಲು ಬಿಡುವುದು, ಗೆದ್ದಲಿಗಾಗಿ ಆಗಾಗ ಕೆಳಗಿನ ಸಾಲನ್ನು ತೆಗೆದು ನೋಡುವುದು ಎಲ್ಲ ಕಡೆಗೂ ಸಲ್ಲುವ ಕ್ರಮ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದರಿಂದ ಒಳಗಿನ ತೇವ ಹೊರಹೋಗದೆ ಹಾನಿಯೇ ಹೆಚ್ಚು.

ಇ-ಪುಸ್ತಕಕ್ಕೆ ಗೆದ್ದಲಿಲ್ಲ, ತೂಕವಿಲ್ಲ. 1971ರ ಜುಲೈ 4ರಂದು ಅಮೆರಿಕದಲ್ಲಿ ಮೈಕಲ್ ಹಾರ್ಟ್ ಎಂಬಾತ ಸ್ವಾತಂತ್ರ್ಯ ಘೋಷಣೆಯ ಪಠ್ಯವನ್ನು ಕಂಪ್ಯೂಟರಿಗೆ ಟೈಪ್ ಮಾಡಿ ಹಂಚಿದ್ದರಿಂದ ಇದರ ಚರಿತ್ರೆಯನ್ನು ಲೆಕ್ಕ ಹಾಕುತ್ತಾರೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಬೆಳೆದದ್ದು ಅಲ್ಲಿಂದ. 2007ರಲ್ಲಿ ಕಿಂಡಲ್ ಯಂತ್ರವೂ ಇಪಬ್ ಎಂಬ ಮುಕ್ತ ಮಾದರಿಯೂ ಬಂದ ಮೇಲೆ ಇ-ಪುಸ್ತಕ ಸಾಮಾನ್ಯ ಓದುಗರ ಕೈಸೇರಿತು. ಕಿಂಡಲ್‌ನಂಥ ಯಂತ್ರಗಳ ಪರದೆ ಫೋನಿನ ಪರದೆಯಂತಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿದ್ದು, ಒಂದೊಂದರಲ್ಲೂ ವಿರುದ್ಧ ವಿದ್ಯುದಂಶದ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ ಹರಿಸಿದಾಗ ಕಪ್ಪು ಕಣಗಳೋ ಬಿಳಿ ಕಣಗಳೋ ಮೇಲೆ ಬಂದು ನಿಲ್ಲುತ್ತವೆ. ಕಾಗದದಂತೆ ಹೊರಗಿನ ಬೆಳಕಿನಲ್ಲೇ ಓದಬಹುದು, ಬಿಸಿಲಿನಲ್ಲೂ ಓದಬಹುದು, ಪುಟ ತಿರುಗಿಸುವಾಗ ಮಾತ್ರ ವಿದ್ಯುತ್ ಖರ್ಚಾಗುತ್ತದೆ.

ಕನ್ನಡದ ಮಟ್ಟಿಗೆ ಇ-ಪುಸ್ತಕದ ನಿಜವಾದ ಪ್ರಶ್ನೆ ಇರುವುದು ಯಂತ್ರದಲ್ಲಲ್ಲ, ಕಡತದಲ್ಲಿ. ಕಡತಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಪಿಡಿಎಫ್ ಎಂಬುದು ಪುಟದ ಅಳತೆ, ವಿನ್ಯಾಸವನ್ನು ಇದ್ದಂತೆಯೇ ಹಿಡಿದಿಡುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೆಲ್ಲ ಸಾಮಾನ್ಯವಾಗಿ ಇದೇ. ಇಪಬ್‌ನಲ್ಲಿ ಪಠ್ಯ ಹರಿಯುತ್ತದೆ, ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಮುರಿಯುತ್ತದೆ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಡೆಮಿ ಪುಟದ ಅಗಲ ಐದೂವರೆ ಇಂಚು. ಫೋನಿನ ಪರದೆಯ ಅಗಲ ಅದರ ಅರ್ಧದಷ್ಟು. ಆ ಪುಟದ ಪಿಡಿಎಫ್ ಅನ್ನು ಫೋನಿನಲ್ಲಿ ತೆರೆದರೆ 12 ಪಾಯಿಂಟಿನ ಅಕ್ಷರ 6 ಪಾಯಿಂಟಿಗೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹೇಗೋ ಸಹಿಸಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಅದರ ಕೆಳಗೆ ಕೂರುವುದರಿಂದ ಮೊದಲು ಮಸುಕಾಗುವುದು ಅವೇ. ಪಿಡಿಎಫ್ ಓದುವವರು ಹತ್ತು ಇಂಚಿನ ಟ್ಯಾಬ್ಲೆಟ್ ಇಟ್ಟುಕೊಳ್ಳುವುದು ಕಣ್ಣಿಗೆ ಕ್ಷೇಮ.

ಇಪಬ್ ಮಾಡುವುದಕ್ಕೂ ಕನ್ನಡದಲ್ಲಿ ಒಂದು ತೊಡಕಿದೆ. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ ಪುಸ್ತಕೋದ್ಯಮ ಬಹುಕಾಲ ಪೇಜ್‌ಮೇಕರ್‌ನಲ್ಲಿ ನುಡಿ, ಶ್ರೀಲಿಪಿಯಂಥ ಹಳೆಯ ಸಂಕೇತದ ಫಾಂಟುಗಳನ್ನು ಬಳಸಿ ಪುಟ ಕಟ್ಟಿತು. ಆ ಕಡತದಲ್ಲಿರುವುದು ವಾಸ್ತವವಾಗಿ ರೋಮನ್ ಸಂಕೇತಗಳು. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ, ಹಳೆಯ ಸಂಕೇತದಲ್ಲಿ ಅಕ್ಷರದ ಬಳಿಕ ಬರುವ ಅರ್ಕಾವೊತ್ತನ್ನು ಅಕ್ಷರಕ್ಕೆ ಮೊದಲು ತಂದು ಕೂರಿಸಬೇಕು. ಇಂಥಲ್ಲೆಲ್ಲ ತಪ್ಪುಗಳು ನುಸುಳುತ್ತವೆ. ಪರಿವರ್ತನೆಯ ಬಳಿಕ ಇಡೀ ಪುಸ್ತಕದ ಕರಡನ್ನು ಮತ್ತೊಮ್ಮೆ ತಿದ್ದದ ಇ-ಪುಸ್ತಕ ಓದುಗರಿಗೂ ಲೇಖಕರಿಗೂ ಮಾಡುವ ಅನ್ಯಾಯ. ಕೊಳ್ಳುವ ಮೊದಲು ಮಾದರಿ ಅಧ್ಯಾಯವನ್ನು ತಮ್ಮದೇ ಯಂತ್ರದಲ್ಲಿ ತೆರೆದು, 'ಸ್ವಾತಂತ್ರ್ಯ', 'ಕರ್ನಾಟಕ', 'ರಾಷ್ಟ್ರ'ದಂಥ ಪದಗಳು ಸರಿಯಾಗಿ ಮೂಡಿವೆಯೇ, ಅವುಗಳಲ್ಲೊಂದನ್ನು ಹುಡುಕಿದರೆ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಮಾರುಕಟ್ಟೆಯೂ ಕನ್ನಡಕ್ಕೆ ತಡವಾಗಿಯೇ ತೆರೆಯಿತು. 2016ರ ಕೊನೆಯಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ಮಾರಾಟ ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಜಾಗವನ್ನು ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್‌ನಂಥ ಆ್ಯಪ್‌ಗಳು ತುಂಬಿಕೊಂಡು ಬಂದವು. ಹಾಗಾಗಿ ಕನ್ನಡದ ಇ-ಓದು ಇಂದು ಬಹುಮಟ್ಟಿಗೆ ಫೋನಿನ ಓದು. ತೆರಿಗೆಯಲ್ಲೂ ವ್ಯತ್ಯಾಸವಿದೆ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ; ಮುದ್ರಿತ ರೂಪವೂ ಇರುವ ಇ-ಪುಸ್ತಕಕ್ಕೆ 2018ರ ಜುಲೈನಲ್ಲಿ ತೆರಿಗೆಯನ್ನು ಶೇ 18ರಿಂದ ಶೇ 5ಕ್ಕೆ ಇಳಿಸಲಾಯಿತು. ಓದುವುದು ಒಂದೇ ಪಠ್ಯವಾದರೂ ಪರದೆಯ ಮೇಲೆ ಓದುವವರು ತೆರಿಗೆ ಕಟ್ಟಬೇಕೆಂಬುದಕ್ಕೆ ಸಮರ್ಥನೆ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಭೇದ ಒಡೆತನದ್ದು. ಮುದ್ರಿತ ಪ್ರತಿಯನ್ನು ಕೊಂಡವರು ಅದನ್ನು ಎರವಲು ಕೊಡಬಹುದು, ಮಾರಬಹುದು, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದು. ದೊಡ್ಡ ಮಳಿಗೆಗಳ ಇ-ಪುಸ್ತಕದಲ್ಲಿ ಕೊಂಡದ್ದು ಓದುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ ಹಕ್ಕಿನ ತಕರಾರೊಂದರಿಂದಾಗಿ ಜಾರ್ಜ್ ಆರ್ವೆಲ್‌ನ ಎರಡು ಕೃತಿಗಳನ್ನು ಅಮೆಜಾನ್ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಹಣ ಹಿಂತಿರುಗಿತು, ಪುಸ್ತಕಗಳು ಹೋದವು. ಬೀಗವಿಲ್ಲದ, ಅಂದರೆ ನಕಲು ಮಾಡಿಟ್ಟುಕೊಳ್ಳಲು ತಡೆಯಿಲ್ಲದ ಇಪಬ್ ಕೊಡುವ ಪ್ರಕಾಶಕರಿದ್ದರೆ ಅವರಲ್ಲೇ ಕೊಳ್ಳುವುದು, ಕಡತವನ್ನು ಎರಡು ಬೇರೆ ಕಡೆ ಇಟ್ಟುಕೊಳ್ಳುವುದು ಇದಕ್ಕೆ ಇರುವ ಪರಿಹಾರ.

ಆದರೂ ಇ-ಪುಸ್ತಕವಿಲ್ಲದೆ ಓದೇ ಇಲ್ಲದವರಿದ್ದಾರೆ. ದೃಷ್ಟಿ ಮಂದವಾದವರಿಗೆ ದೊಡ್ಡ ಅಕ್ಷರದ ಕನ್ನಡ ಪುಸ್ತಕ ಮುದ್ರಣದಲ್ಲಿ ಸಿಗುವುದು ತೀರ ಅಪರೂಪ. ಇಪಬ್‌ನಲ್ಲಿ ಪ್ರತಿ ಪುಸ್ತಕವೂ ದೊಡ್ಡ ಅಕ್ಷರದ ಪುಸ್ತಕವೇ. ಯುನಿಕೋಡ್ ಪಠ್ಯವಾದರೆ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದ ಪುಟದ ಮುಂದೆ ಅದು ಮೂಕ. ಅಂಗವೈಕಲ್ಯವಿರುವವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಭಾರತದ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅನುಮತಿ ಕೊಟ್ಟಿದೆ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶವೂ ಭಾರತವೇ.

ಓದಿದ್ದು ಮನಸ್ಸಿನಲ್ಲಿ ನಿಲ್ಲುವುದು ಯಾವುದರಲ್ಲಿ ಎಂಬುದನ್ನು ಸಂಶೋಧಕರು ಸಾಕಷ್ಟು ಅಳೆದಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 54 ಅಧ್ಯಯನಗಳನ್ನು, ಒಟ್ಟು 1.7 ಲಕ್ಷಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಮಾಹಿತಿಪ್ರಧಾನ ಬರಹದಲ್ಲಿ, ಸಮಯದ ಮಿತಿಯಿದ್ದಾಗ, ಕಾಗದದ ಮೇಲೆ ಓದಿದವರ ಗ್ರಹಿಕೆ ಮೇಲಾಗಿತ್ತು. ಕಥನದ ಓದಿನಲ್ಲಿ ಅಂಥ ಅಂತರ ಕಾಣಲಿಲ್ಲ. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಒಂದೇ ಕಥೆಯನ್ನು ಕಿಂಡಲ್‌ನಲ್ಲೂ ಪುಸ್ತಕದಲ್ಲೂ ಓದಿಸಿದಾಗ ಹೆಚ್ಚಿನ ಪ್ರಶ್ನೆಗಳಿಗೆ ಎರಡೂ ಗುಂಪು ಸಮನಾಗಿ ಉತ್ತರಿಸಿತು, ಆದರೆ ಯಾವ ಘಟನೆಯ ಬಳಿಕ ಯಾವುದು ನಡೆಯಿತು ಎಂಬುದನ್ನು ಪುಸ್ತಕ ಓದಿದವರು ಹೆಚ್ಚು ಸರಿಯಾಗಿ ಹೇಳಿದರು. ಓದಿ ಮುಗಿದ ಹಾಳೆಗಳ ದಪ್ಪ ಎಡಗೈಗೂ ಉಳಿದವುಗಳ ದಪ್ಪ ಬಲಗೈಗೂ ತಾಗುತ್ತಿರುವುದು ಇದಕ್ಕೆ ನೆರವಾಗಿರಬಹುದೆಂಬುದು ಸಂಶೋಧಕರ ಊಹೆ.

ಇಷ್ಟನ್ನು ಇಟ್ಟುಕೊಂಡರೆ ಯಾವ ಪುಸ್ತಕಕ್ಕೆ ಯಾವ ರೂಪ ಎಂಬುದು ಸ್ಪಷ್ಟವಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕಾಗದವೇ ಸರಿ, ಅದೂ ಪೇಪರ್‌ಬ್ಯಾಕ್. ಮುಂದಿನ ವರ್ಷಕ್ಕೆ ಹಳತಾಗುವ ಪಠ್ಯಕ್ಕೆ ರಟ್ಟಿನ ಖರ್ಚು ಬೇಡ. ಒಂದು ಓದಿನ ಕಾದಂಬರಿಗೆ ಇ-ಪುಸ್ತಕ ಧಾರಾಳವಾಗಿ ಸಾಕು. ನಿಘಂಟಿನ ವಿಷಯದಲ್ಲಿ ಪರದೆಗೆ ಎದುರಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು 1,752 ಪುಟಗಳದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ. ಇವನ್ನು ಮೇಜಿಗೆ ಹೊತ್ತು ತಂದು ಒಂದು ಪದ ನೋಡುವಷ್ಟರಲ್ಲಿ ಭಾರತವಾಣಿ ತಾಣದಲ್ಲೋ ಅಲರ್ ನಿಘಂಟಿನಲ್ಲೋ ಹತ್ತು ಪದ ಹುಡುಕಬಹುದು. ಕಾವ್ಯಕ್ಕೆ ಮುದ್ರಿತ ಪುಟವೇ ಮೇಲು, ಏಕೆಂದರೆ ಹರಿಯುವ ಪಠ್ಯ ಕವಿ ನಿಲ್ಲಿಸಿದಲ್ಲಿ ನಿಲ್ಲದೆ ಪರದೆಯ ಅಗಲಕ್ಕೆ ಸಾಲು ಮುರಿಯುತ್ತದೆ. ಜೀವಮಾನವಿಡೀ ಮತ್ತೆ ಮತ್ತೆ ತೆರೆಯುವ ಪುಸ್ತಕಕ್ಕೆ, ಮನೆಮಂದಿಯೆಲ್ಲ ಓದುವ ಭಾರತ, ರಾಮಾಯಣ, ವಚನ ಸಂಪುಟಗಳಿಗೆ ಹೊಲಿಗೆ ಇರಲೇಬೇಕು. ಅದರ ಮೇಲೆ ರಟ್ಟಿದ್ದರೆ ಇನ್ನೂ ಒಳ್ಳೆಯದು.

ಕೃತಿಸ್ವಾಮ್ಯ ಮುಗಿದ ಹಳೆಯ ಕೃತಿಗಳದು ಬೇರೆ ಲೆಕ್ಕ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಮೊದಲಿನಿಂದ 60 ವರ್ಷ ಕಳೆದ ಮೇಲೆ ಕೃತಿ ಎಲ್ಲರದಾಗುತ್ತದೆ. 1942ರಲ್ಲಿ ನಿಧನರಾದ ಗಳಗನಾಥರ ಕಾದಂಬರಿಗಳು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಮತ್ತು ಕೈಲಾಸಂ ಅವರ ಕೃತಿಗಳು ಬಹುಹಿಂದೆಯೇ ಮುಕ್ತವಾದವು; ಗೋವಿಂದ ಪೈಗಳವು 2024ರಲ್ಲಿ ಆ ಸಾಲಿಗೆ ಸೇರಿದವು. ಅಂಗಡಿಯಲ್ಲಿ ಮರುಮುದ್ರಣ ಸಿಗದ ಇಂಥ ಪುಸ್ತಕಗಳಿಗೆ ಸ್ಕ್ಯಾನ್ ಪ್ರತಿಗಳೇ ಹಲವು ಸಲ ಏಕೈಕ ದಾರಿ.

ಕೈಯಲ್ಲಿರುವ ಪೇಪರ್‌ಬ್ಯಾಕ್ ಕಳಚಿಕೊಂಡರೆ ಅದನ್ನು ಗಟ್ಟಿ ರಟ್ಟಿಗೆ ಏರಿಸಲೂಬಹುದು. ಊರಿನ ಬೈಂಡಿಂಗ್ ಅಂಗಡಿಯಲ್ಲಿ ಇದಕ್ಕೆ ತಗಲುವ ಖರ್ಚು ಹೊಸ ಗಟ್ಟಿ ಪ್ರತಿಯ ಬೆಲೆಗಿಂತ ಸಾಮಾನ್ಯವಾಗಿ ಕಡಿಮೆ. ಇದು ಸಾಧ್ಯವಾಗಬೇಕಾದರೆ ಪುಟದ ಒಳಅಂಚಿನಲ್ಲಿ ಕನಿಷ್ಠ ಮುಕ್ಕಾಲು ಇಂಚು ಖಾಲಿ ಜಾಗ ಬೇಕು, ಏಕೆಂದರೆ ಬಿಡಿಹಾಳೆಗಳನ್ನು ಬದಿಯಿಂದ ಹೊಲಿಯುವಾಗ ಅದರ ಒಂದು ಪಾಲು ಹೊಲಿಗೆಯೊಳಗೆ ಸೇರಿಹೋಗುತ್ತದೆ. ಕಾಗದ ಉಳಿಸಲೆಂದು ಅಂಚಿನವರೆಗೆ ಅಕ್ಷರ ತುಂಬಿದ ಪುಸ್ತಕಗಳಿಗೆ ಈ ಎರಡನೆಯ ಜನ್ಮವಿಲ್ಲ. ಹೊಲಿದ ಪುಸ್ತಕವಾದರೆ ಹಳೆಯ ದಾರ ತೆಗೆದು ಫಾರಂ ಫಾರಮ್ಮಾಗಿ ಮತ್ತೆ ಹೊಲಿಯುವಂತೆ ಕೇಳಬೇಕು, ಮೂರೂ ಬದಿ ಕತ್ತರಿಸಬಾರದೆಂದು ಮೊದಲೇ ಹೇಳಬೇಕು. ಮುಟ್ಟಿದರೆ ಪುಡಿಯಾಗುವ ಹಳೆಯ ಕಾಗದದ ಪುಸ್ತಕಕ್ಕೆ ಸೂಜಿ ತಾಗಿಸಲೇಬಾರದು. ಅದನ್ನು ಸ್ಕ್ಯಾನ್ ಮಾಡಿಸಿ, ಮೂಲಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಅಡ್ಡವಾಗಿ ಮಲಗಿಸಿಡುವುದು ಸರಿಯಾದ ಕ್ರಮ.